ಹಾಲು ಉಕ್ಕಿದ ಗಾಡಿ

ನಮ್ಮೂರಿನ ಮನೆಗಳಿಗೆ ಶನಿವಾರ ಸಾಯಂಕಾಲದಿಂದ ಭಾನುವಾರ ಸಾಯಂಕಾಲದವರೆಗೆ ರಜ. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಹೊರಗೆ ಬಂದುಬಿಡಬೇಕು. ಬರಲಿಲ್ಲವೋ, ಬಾಗಿಲು ಮೆಲ್ಲಗೆ ಕೆಮ್ಮುತ್ತದೆ. ಆಮೇಲೂ ಒಳಗೇ ಕುಳಿತಿದ್ದರೆ ಮನೆ ಮುನಿಸಿಕೊಳ್ಳುತ್ತದೆ. ಮುನಿಸಿಕೊಂಡ ಮನೆಯ ಸಹವಾಸ ಯಾರಿಗೂ ಬೇಡ. ನಮ್ಮ ಬೀದಿಯ ತುದಿಯಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಚಾದರ ಹೊದ್ದುಕೊಂಡು ಸುಮ್ಮನೆ ಒಳಗೇ ಉಳಿದಿತ್ತು. ಬುಧವಾರದವರೆಗೆ ಅವರ ಒಲೆ ಹತ್ತಲಿಲ್ಲ, ನಲ್ಲಿಯಲ್ಲಿ ಬರೀ ಗಾಳಿ ಬಂತು, ಹುಡುಗನ ಪ್ಯಾಂಟುಗಳಿದ್ದ ಬೀರು ತೆರೆಯಲೇ ಇಲ್ಲ. ಪಾಪ, ಅವನು ಲುಂಗಿ ಉಟ್ಟುಕೊಂಡೇ ಕಚೇರಿಗೆ ಹೋಗಿಬಂದ. ಬೆಕ್ಕುಗಳಿಗೆ ಮಾತ್ರ ವಿನಾಯಿತಿ. ನಮ್ಮೂರ ಮನೆಗಳಿಗೆ ಬೆಕ್ಕು ಕಂಡರೆ ಅದೇನು ಅಕ್ಕರೆಯೋ.

ಹಾಗಾಗಿ ವಾರಕ್ಕೊಮ್ಮೆ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಕಲ್ಲುಬಯಲಿಗೆ ಹೋಗಿ ಬಿಡಾರ ಹೂಡುತ್ತದೆ. ಕೆಲವರು ಡೇರೆ ಹಾಕುತ್ತಾರೆ, ಕೆಲವರು ಎರಡು ಸೈಕಲ್ಲುಗಳ ನಡುವೆ ಸೀರೆ ಕಟ್ಟಿ ಮಲಗುತ್ತಾರೆ, ಆಟೋ ಇದ್ದವರು ಹಿಂದಿನ ಸೀಟಿನಲ್ಲಿ ಮುದುಡಿಕೊಳ್ಳುತ್ತಾರೆ. ಎಲ್ಲರೂ ಎಲ್ಲರ ಗೊರಕೆಯನ್ನೂ ಕೇಳಿದವರೇ. ಯಾರ ಮನೆಯ ಗುಟ್ಟೂ ಸೋಮವಾರದವರೆಗೆ ಗುಟ್ಟಾಗಿ ಉಳಿಯುವುದಿಲ್ಲ.

ನಮ್ಮ ಅತ್ತೆ ದೊಡ್ಡತಾಯಮ್ಮನವರಿಗೆ ಶನಿವಾರ ಅಂದರೆ ಪ್ರಾಣ. ವಾರವಿಡೀ ನನ್ನೊಬ್ಬಳನ್ನೇ ಬೈದು ಬೈದು ಬೇಸತ್ತ ಹೆಂಗಸಿಗೆ ಅವತ್ತು ಬೈಯಲು ಇಡೀ ಊರು ಸಿಗುತ್ತಿತ್ತು. ಯಾರ ಸಾರಿಗೆ ಉಪ್ಪು ಕಡಿಮೆ, ಯಾರ ಸೊಸೆ ತಲೆ ಬಾಚಿಲ್ಲ, ಯಾರ ಗಂಡ ಎಲೆಯಡಿಕೆ ಉಗುಳಿದ ಜಾಗ ಸರಿಯಿಲ್ಲ, ಎಲ್ಲವನ್ನೂ ವಿಚಾರಿಸಿಕೊಂಡು ಬರುತ್ತಿದ್ದರು. ನನಗೂ ಅವರಿಗೂ ಜಗಳವಾಗದ ದಿನ ಇಬ್ಬರಿಗೂ ಊಟ ಸೇರುವುದಿಲ್ಲ. ಅದು ಬೇರೆ ಮಾತು. ಆದರೆ ಅವರಿಲ್ಲದ ಮನೆಯನ್ನು ನಾನು ಕನಸಿನಲ್ಲೂ ಕಂಡವಳಲ್ಲ, ಕಾಣುವ ಆಸೆಯೂ ಇರಲಿಲ್ಲ.

ಅಂಥವರು ಒಂದು ಭಾನುವಾರ ಬೆಳಿಗ್ಗೆ ಚಾಪೆಯಿಂದ ಏಳಲಾರದೆ ಹೋದರು. ಮಂಡಿ ಹಿಡಿದುಕೊಂಡುಬಿಟ್ಟಿತ್ತು. ನಾನು ಒಂದು ರಟ್ಟೆ ಹಿಡಿದೆ, ನನ್ನ ಗಂಡ ಮರಿಯಪ್ಪ ಇನ್ನೊಂದು ಹಿಡಿದರು, ಆಗಲಿಲ್ಲ. ಅಕ್ಕಪಕ್ಕದ ಡೇರೆಯವರೆಲ್ಲ ಬಂದು, "ಹೈಸ್ಸಾ" ಅಂತ ಕೂಗಿ ಎತ್ತಿ ನಿಲ್ಲಿಸಿದರು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು. ಮನೆಗೆ ಬಂದ ಮೇಲೆ ಹಿತ್ತಲಲ್ಲಿ ಕುಳಿತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಅಕ್ಕಿಮೂಟೆ ಎತ್ತಿದಂಗೆ ಎತ್ತಿದ್ರಲ್ಲೇ ಪಂಕಜಿ. ಇನ್ನೊಂದು ಸಲ ಹಂಗೆ ಎತ್ತಿಸ್ಕೊಳ್ಳೋ ಹಾಗಾದ್ರೆ ನಾನು ಈ ಊರಲ್ಲಿ ಇರಲ್ಲ, ನೋಡ್ಕೋ."

ಇರದೆ ಎಲ್ಲಿಗೆ ಹೋಗುವುದು? ಮಗಳ ಮನೆಗೆ. ನನ್ನ ಗಂಡನ ಅಕ್ಕ ಸುವರ್ಣ ಇರುವ ಊರಿನಲ್ಲಿ ಮನೆಗಳು ಏಳು ದಿನವೂ ತೆರೆದಿರುತ್ತವಂತೆ. ಅತ್ತೆ ಒಮ್ಮೆ ಹೋಗಿ ವಾರ ಕಳೆಯುವುದರೊಳಗೆ ಓಡಿಬಂದಿದ್ದರು. "ಶನಿವಾರವೂ ಬಾಗಿಲು ಹಾಕ್ಕೊಂಡು ಒಳಗೇ ಕೂತಿರ್ತಾರೆ ಕಣೇ, ಏನು ಪಾಪ ಮಾಡಿದ್ರೋ," ಎಂದಿದ್ದರು. ಈಗ ಸುದ್ದಿ ಕೇಳಿದ್ದೇ ತಡ, ಅತ್ತಿಗೆಯ ಫೋನು ಬಂತು. "ಅಮ್ಮನ್ನ ಬಂಡೆ ಮೇಲೆ ಮಲಗಿಸ್ತೀರಾ? ನಾಚಿಕೆ ಆಗಲ್ವಾ? ಮುಂದಿನ ತಿಂಗಳು ಬಂದು ನಾನೇ ಕಣ್ಣಾರೆ ನೋಡ್ತೀನಿ. ಸರಿಯಾದ ಹಾಸಿಗೆ ಕಾಣಲಿಲ್ವೋ, ಭಾನುವಾರ ಬೆಳಿಗ್ಗೆ ಬಸ್ಸಿಗೆ ಅಮ್ಮ ನನ್ನ ಜೊತೆ." ಅತ್ತೆ ಬೇಡ ಅನ್ನಲಿಲ್ಲ.

ಮಂಚ ಒಯ್ಯಬಹುದಲ್ಲ ಅಂತೀರಿ. ನಮ್ಮೂರ ಮಂಚಗಳು ಮನೆಯ ಪಕ್ಷ. ಶನಿವಾರ ಅವು ಹೊಸ್ತಿಲು ದಾಟುವುದಿಲ್ಲ. ಸಂತೆಯಿಂದ ಮಡಚುವ ಮಂಚವೊಂದನ್ನು ತಂದೆವು. ಅದು ಅತ್ತೆಯನ್ನೂ ಸೇರಿಸಿ ಮಡಚಿಕೊಂಡಿತು. ಅವರನ್ನು ಬಿಡಿಸುವಷ್ಟರಲ್ಲಿ ಮಂಚಕ್ಕೂ ನಮಗೂ ಮಂಗಳಾರತಿ ಆಯಿತು. ಆಮೇಲಿನ ವಾರಗಳಲ್ಲಿ ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೇ ರಾತ್ರಿ ಕಳೆದರು. ಬೆಳಿಗ್ಗೆ ಅವರ ಪಾದಗಳು ಊದಿಕೊಂಡಿರುತ್ತಿದ್ದವು. ನಾನು ಬಿಸಿನೀರು ಹಾಕುತ್ತಿದ್ದೆ, ಅವರು ನೀರು ಜಾಸ್ತಿ ಬಿಸಿಯಾಯಿತು ಅಂತ ಬೈಯುತ್ತಿದ್ದರು.

ಆಗ ನನ್ನ ಗಂಡನ ತಲೆಗೆ ಗಾಡಿ ಹೊಳೆಯಿತು. ನಮ್ಮದು ಬಾಡಿಗೆಗೆ ಪಾತ್ರೆ, ಕುರ್ಚಿ, ಶಾಮಿಯಾನ ಕೊಡುವ ಅಂಗಡಿ. ಸಾಮಾನು ಸಾಗಿಸಲು ಮಾವನವರ ಕಾಲದ ಪಿಕಪ್ ಗಾಡಿಯೊಂದಿತ್ತು. ಒಂದು ಕಾಲದಲ್ಲಿ ಅದು ನೀಲಿ ಬಣ್ಣದ್ದಂತೆ. ನಾನು ನೋಡುವ ಹೊತ್ತಿಗೆ ಯಾವ ಬಣ್ಣ ಅಂತ ಹೇಳಲು ಬರುತ್ತಿರಲಿಲ್ಲ. ಸೆಲ್ಫ್ ಹಿಡಿಯುತ್ತಿರಲಿಲ್ಲ, ತಳ್ಳಬೇಕಿತ್ತು. ಹಾರ್ನ್ ಒತ್ತಿದರೆ ವೈಪರ್ ಆಡುತ್ತಿತ್ತು. ವೈಪರ್ ಹಾಕಿದರೆ ಏನೂ ಆಗುತ್ತಿರಲಿಲ್ಲ. ಹಿಂದಿನ ತೊಟ್ಟಿಯ ತಗಡು ಎಷ್ಟು ತುಕ್ಕು ತಿಂದಿತ್ತೆಂದರೆ, ಮದುವೆ ಮನೆಗೆ ಹೊರಟ ಸೌಟುಗಳು ದಾರಿಯುದ್ದಕ್ಕೂ ಉದುರಿಕೊಂಡು ಹೋಗುತ್ತಿದ್ದವು.

"ತೊಟ್ಟಿಯಲ್ಲಿ ಹಾಸಿಗೆ ಹಾಕಿದ್ರೆ ಅಮ್ಮನ ಸೊಂಟದ ಎತ್ತರಕ್ಕೆ ಬರುತ್ತೆ ಕಣೇ," ಎಂದರು ಇವರು. "ಹಿಂದಿನ ಬಾಗಿಲು ಇಳಿಸಿ, ಅಂಚಿಗೆ ಜರುಗಿ, ಕಾಲು ಇಳಿಬಿಟ್ರೆ ನಿಂತಂಗೇ. ಯಾರೂ ಎತ್ತೋ ಹಾಗೇ ಇಲ್ಲ."

ಹದಿನಾರು ವರ್ಷದ ಸಂಸಾರದಲ್ಲಿ ಇವರ ಬಾಯಿಂದ ಬಂದ ಒಳ್ಳೆಯ ಮಾತುಗಳಲ್ಲಿ ಇದೂ ಒಂದು. ಉಳಿದವು ನೆನಪಾದರೆ ಹೇಳುತ್ತೇನೆ.

ಗಾಡಿ ಗೌಸ್ ಸಾಬರ ಗ್ಯಾರೇಜು ಸೇರಿತು. ಗೌಸ್ ಸಾಬರು ಮಾವನವರ ಕಾಲದಿಂದ ಆ ಗಾಡಿಯ ವೈದ್ಯರು. ಬಾನೆಟ್ ಎತ್ತಿ ನೋಡಿ, "ಇನ್ನೂ ಜೀವ ಐತೆ, ತಗೊಳ್ಳಿ," ಎಂದರು. ಮೊದಲು ತೊಟ್ಟಿಗೆ ಹೊಸ ತಗಡು ಹಾಕಿದರು. ಆಮೇಲೆ ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿಗಳನ್ನು ಬಿಚ್ಚಿ, ಮುರಿದದ್ದನ್ನು ತೆಗೆದು, ಒಂದು ಹೆಚ್ಚಿಗೆ ಸೇರಿಸಿದರು. ಹಳ್ಳಕ್ಕೆ ಬಿದ್ದರೆ ಅತ್ತೆಯ ಸೊಂಟ ಅಲುಗಬಾರದಲ್ಲ. ಕ್ಲಚ್ ಪ್ಲೇಟು ಬಂತು, ರೇಡಿಯೇಟರಿನ ತೂತು ಮುಚ್ಚಿತು, ಸೆಲ್ಫ್ ಹಿಡಿಯಿತು. ಹಾರ್ನಿಗೂ ವೈಪರಿಗೂ ಇದ್ದ ಸಂಬಂಧ ಮಾತ್ರ ಬಿಡಿಸಲು ಬರಲಿಲ್ಲ. "ಅದು ಲವ್ ಮ್ಯಾರೇಜು ಅಕ್ಕಾ, ಬಿಟ್ಟುಬಿಡಿ," ಎಂದರು ಸಾಬರು. ನಾನು ತೆಂಗಿನ ನಾರು, ಹತ್ತಿ ತುಂಬಿ ತೊಟ್ಟಿಯ ಅಳತೆಗೆ ಹಾಸಿಗೆ ಹೊಲಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇವರು ಹೆಮ್ಮೆಯಿಂದ ಅಕ್ಕನಿಗೆ ಫೋನು ಮಾಡಿದರು. "ಮೇಲೆ ಸೂರಿಲ್ವಾ? ಮಂಜು ಬೀಳಲ್ವಾ?" ಎಂದರು ಅತ್ತಿಗೆ. ಸರಿ, ಕಬ್ಬಿಣದ ಕಂಬಿ ನಿಲ್ಲಿಸಿ ತಗಡಿನ ಸೂರು ಹಾಕಿಸಿದ್ದಾಯಿತು. "ಸುತ್ತ ಗೋಡೆ ಇಲ್ದೆ ಗಾಳಿ ಹೊಡೆಯಲ್ವಾ?" ಗೋಡೆ ಬಂತು. "ಉಸಿರು ಕಟ್ಟಲ್ವಾ?" ಕಿಟಕಿ ಬಂತು, ಕಿಟಕಿಗೆ ನಾನು ಹೂವಿನ ಪರದೆ ಹೊಲಿದೆ. "ಕತ್ತಲಲ್ಲಿ ಮುಗ್ಗರಿಸಿದ್ರೆ?" ಬ್ಯಾಟರಿಯಿಂದ ತಂತಿ ಎಳೆದು ದೀಪ, ದೀಪದ ಜೊತೆಗೆ ಪುಟಾಣಿ ಫ್ಯಾನು. ಅಷ್ಟು ಹೊತ್ತಿಗೆ ಇವರಿಗೆ ಹುಚ್ಚು ಹಿಡಿದಿತ್ತು. ಯಾರೂ ಕೇಳದೆ ಹೋದರೂ ಮೂಲೆಯಲ್ಲೊಂದು ಗೂಡು ಮಾಡಿ ಗ್ಯಾಸ್ ಒಲೆ ಕೂರಿಸಿದರು, ಕನ್ನಡಿ ಹಾಕಿದರು, ಹಿಂಬಾಗಿಲ ಎರಡೂ ಕಡೆ ಗಿಳಿ ಬರೆಸಿದರು. ಒಂದು ಗಿಳಿ ಕಾಗೆಯ ಹಾಗಿತ್ತು. ಊರ ಜನ ದಾರಿಯಲ್ಲಿ ನಿಂತು ನೋಡುತ್ತಿದ್ದರು, ಇವರು ಹಲ್ಲು ಕಿರಿದುಕೊಂಡು ಎಲ್ಲರಿಗೂ ಒಳಗೆ ತೋರಿಸುತ್ತಿದ್ದರು.

ಶುಕ್ರವಾರ ಗಾಡಿ ಮನೆ ಮುಂದೆ ಬಂದು ನಿಂತಿತು. ಅತ್ತೆ ಹತ್ತಿ ಕುಳಿತರು, ಮಲಗಿ ನೋಡಿದರು, ಎದ್ದು ನೋಡಿದರು. ಖುಷಿಯಾಗಿದೆ ಅಂತ ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವರು. "ಪರವಾಗಿಲ್ಲ," ಎಂದರು. ಮಗನಿಗೆ ಅಲ್ಲೇ ಕಾಫಿ ಮಾಡಿಕೊಡುತ್ತೇನೆಂದು ಗೂಡಿನ ಒಲೆಯ ಮೇಲೆ ಹಾಲಿಟ್ಟರು. ಕಿಟಕಿಯ ಹೊರಗೆ ಎದುರುಮನೆಯವಳು ಕಂಡಳು. ಅವಳ ಮಗಳ ಜಡೆಯ ವಿಚಾರ ಬಂತು. ಮಾತಿಗೆ ಮಾತು ಬೆಳೆದು ಹಾಲು ಭುಸ್ಸೆಂದು ಉಕ್ಕಿ ಹಾಸಿಗೆಯ ಅಂಚಿನವರೆಗೆ ಹರಿಯಿತು.

"ಅಯ್ಯೋ ಅತ್ತೆ, ಹೊಸ ಹಾಸಿಗೆ!" ಎಂದೆ.

"ಉಕ್ಕಿದ್ರೆ ಒಳ್ಳೇದೇ ಬಿಡೇ. ನೋಡು, ಪೂರ್ವಕ್ಕೇ ಹರಿದಿದೆ," ಎಂದರು ಅತ್ತೆ. ನಾನು ಬಟ್ಟೆ ತಂದು ಒರೆಸಿದೆ. ಅಷ್ಟೇ. ಮೂವರಲ್ಲಿ ಒಬ್ಬರಿಗೂ, ದೇವರಾಣೆ, ಏನೂ ಹೊಳೆಯಲಿಲ್ಲ.

ಶನಿವಾರ ಮಧ್ಯಾಹ್ನ ಅತ್ತಿಗೆ ಬಂದಿಳಿದರು. ಗಾಡಿಯ ಸುತ್ತ ಒಂದು ಸುತ್ತು ಬಂದು, ಪರದೆ ಎಳೆದು, ಫ್ಯಾನು ಹಾಕಿ, ಹಾಸಿಗೆಯನ್ನು ಮುಷ್ಟಿಯಲ್ಲಿ ಗುದ್ದಿ ನೋಡಿದರು. ತಪ್ಪು ಹುಡುಕಿ ಹುಡುಕಿ ಕೊನೆಗೆ, "ಆ ಗಿಳಿ ಕಾಗೆ ಥರ ಇದೆ," ಎಂದರು. ಇವರು ನನ್ನ ಕಡೆ ಕಣ್ಣು ಹೊಡೆದರು. ಗೆದ್ದೆವು ಅಂದುಕೊಂಡೆ. ಎಲ್ಲರೂ ಗಾಡಿಯಲ್ಲಿ ಕುಳಿತು ಕಲ್ಲುಬಯಲಿಗೆ ಹೋದೆವು. ಹಳ್ಳ ಬಂದರೂ ಅತ್ತೆ ಅಲುಗಲಿಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ ಕಿಟಕಿಯಿಂದ ಕೈಬೀಸಿದರು.

ಬಯಲಿನಲ್ಲಿ ಇಳಿದು ಒಲೆ ಹೂಡಿ, ಮುದ್ದೆ ಸಾರು ಮಾಡಿ ಇಳಿಸುವಷ್ಟರಲ್ಲಿ ಸೂರ್ಯ ಮುಳುಗಿದ. ಅಲ್ಲಲ್ಲಿ ಲಾಂದ್ರಗಳು ಹೊತ್ತಿಕೊಂಡವು. ಆಗ ನಮ್ಮ ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಯಾರೂ ಇಲ್ಲ. ಗಾಡಿಯ ಹಿಂಬಾಗಿಲು ತಾನೇ ಮೆಲ್ಲಗೆ ಮೇಲೆದ್ದು, ಕಟಕ್ಕನೆ ಮುಚ್ಚಿಕೊಂಡಿತು. ಕಿಟಕಿಯ ಪರದೆಗಳು ಎಳೆದುಕೊಂಡವು. ಒಳಗಿನ ದೀಪ ಆರಿತು.

ಇವರು ಓಡಿಹೋಗಿ ಬಾಗಿಲು ಜಗ್ಗಿದರು. ಬರಲಿಲ್ಲ. ಮುಂದಿನ ಬಾಗಿಲು ಜಗ್ಗಿದರು, ಅದೂ ಬರಲಿಲ್ಲ. ಒದ್ದರು. ಗಾಡಿ ಒಂದು ಸಲ ವೈಪರ್ ಆಡಿಸಿ ಸುಮ್ಮನಾಯಿತು. ಸದ್ದು ಕೇಳಿ ಪಕ್ಕದಲ್ಲೇ ಬಿಡಾರ ಹೂಡಿದ್ದ ಗೌಸ್ ಸಾಬರು ಬಂದರು, ಅವರ ಹಿಂದೆ ಅರ್ಧ ಊರು ಬಂತು. ಸಾಬರು ಗಾಡಿಗೆ ಕಿವಿಯಿಟ್ಟು ಕೇಳಿದರು. ಆಮೇಲೆ ಮೆಲ್ಲಗೆ ನಮ್ಮ ಕಡೆ ತಿರುಗಿದರು.

"ಅಮ್ಮಾರೆ, ಇದರೊಳಗೆ ಹಾಲೇನಾದ್ರೂ ಉಕ್ಕಿಸಿದ್ರಾ?"

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

"ಸೂರಿನ ಕೆಳಗೆ ಹಾಲು ಉಕ್ಕಿದ ಮೇಲೆ ಇನ್ನೇನು? ಗೃಹಪ್ರವೇಶ ಮುಗೀತು. ಇದು ಗಾಡಿ ಅಲ್ಲ ಈಗ, ಮನೆ. ಇವತ್ತು ಶನಿವಾರ. ರಜ."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಬಯಲಿಗೆ ಬಯಲೇ ನಕ್ಕಿತು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ. ಆದರೆ ಅತ್ತಿಗೆ ನಗುತ್ತಿರಲಿಲ್ಲ. ಅವರು ಮುಚ್ಚಿದ ಬಾಗಿಲನ್ನು ನೋಡಿದರು, ಬಂಡೆಯ ನೆಲವನ್ನು ನೋಡಿದರು, ಅಮ್ಮನ ಊದಿದ ಪಾದಗಳನ್ನು ನೋಡಿದರು.

"ಸಾಕು. ನಿಮ್ಮ ಮನೆಗಳ ಆಟ ನಿಮಗೇ ಇರಲಿ. ಅಮ್ಮ, ಬೆಳಿಗ್ಗೆ ಬಸ್ಸಿಗೆ ಹೊರಡೋಣ."

ಅತ್ತೆ ಏನಾದರೂ ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ಕುಳಿತು, "ಹೂಂ ಸುವರ್ಣ, ಆಯ್ತು. ಹೋಗೋಣ," ಎಂದರು. ಆ ದನಿ ಅವರದಾಗಿರಲಿಲ್ಲ. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನಗೆ ಅಳು ಒತ್ತರಿಸಿಕೊಂಡು ಬಂತು. ಅಳುವಿನ ಹಿಂದೆಯೇ ಸಿಟ್ಟು ಬಂತು. ಅತ್ತಿಗೆಯ ಮೇಲಲ್ಲ, ಆ ಗಿಳಿಗಳ ಮೇಲೆ, ಪರದೆಯ ಮೇಲೆ, ಸೂರಿನ ಮೇಲೆ.

"ಸಾಬ್ರೇ, ಸ್ಪ್ಯಾನರ್ ಕೊಡಿ," ಎಂದೆ.

"ಯಾಕಕ್ಕಾ?"

"ಸೂರಿದ್ರೆ ತಾನೇ ಮನೆ? ಸೂರು ತೆಗೆದುಬಿಡೋಣ."

ಸೀರೆ ಎತ್ತಿ ಕಟ್ಟಿ ಹಿಂದಿನ ಚಕ್ರದ ಮೇಲೆ ಹತ್ತಿದೆ. ಮೊದಲನೇ ಬೋಲ್ಟಿಗೆ ಸ್ಪ್ಯಾನರ್ ಹಾಕಿದಾಗ ನನ್ನ ಗಂಡ ತಲೆಯ ಮೇಲೆ ಕೈ ಹೊತ್ತು ಕೂಗಿದರು.

"ಏಯ್ ಪಂಕಜಾ! ಹೊಸ ಬೋಲ್ಟು ಕಣೇ! ಮೊನ್ನೆ ತಾನೇ ಪೇಂಟು ಹೊಡೆಸಿದ್ದೀನಿ!"

"ನಿಮಗೆ ಪೇಂಟು ಬೇಕಾ, ಅಮ್ಮ ಬೇಕಾ?"

ಇವರು ಸೂರಿನ ಕಡೆ ನೋಡಿದರು. ಅಮ್ಮನ ಕಡೆ ನೋಡಿದರು. ಎಷ್ಟು ದಿನದ ಕನಸೋ ಏನೋ, ಪಾಪ, ಮುಖ ಸಣ್ಣಗಾಯಿತು. ಆಮೇಲೆ ಇನ್ನೊಂದು ಸ್ಪ್ಯಾನರ್ ತೆಗೆದುಕೊಂಡು ಆ ಕಡೆಯ ಚಕ್ರ ಹತ್ತಿದರು.

ಬೋಲ್ಟು ಒಂದೊಂದೇ ಕೆಳಗೆ ಬಿತ್ತು. ಮೊದಲ ಮೂಲೆ ಬಿಟ್ಟಿತು, ಎರಡನೆಯದೂ ಬಿಟ್ಟಿತು. ಗಾಡಿ ಒಳಗೊಳಗೇ ಗುರುಗುಟ್ಟತೊಡಗಿತು. ಅದಕ್ಕೂ ಆಸೆ ಇತ್ತೇನೋ, ಜೀವಮಾನವಿಡೀ ದುಡಿದು ಈಗ ತಾನೇ ಮನೆಯಾಗಿತ್ತಲ್ಲ. ಮೂರನೆಯ ಮೂಲೆಯ ಬೋಲ್ಟೊಂದು ಹಟ ಹಿಡಿದು ಕುಳಿತಿತು. ಇವರು ತಿರುಗಿಸಿದರು, ಸಾಬರು ತಿರುಗಿಸಿದರು, ನಾನು ಜೋತುಬಿದ್ದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೆಳಗೆ ಲಾಂದ್ರ ಹಿಡಿದು ನಿಂತಿದ್ದ ಅತ್ತಿಗೆ ಆಗಿನಿಂದಲೂ ತುಟಿ ಕಚ್ಚಿಕೊಂಡಿದ್ದರು. ತಡೆಯಲಾಗಲಿಲ್ಲವೇನೋ.

"ಅಯ್ಯೋ, ಹಂಗೆ ಜಗ್ಗಿದ್ರೆ ಬೋಲ್ಟಿನ ಮರೆ ಸವೆದು ಹೋಗುತ್ತೆ ಕಣೋ ದಡ್ಡ! ಇಳಿ ಕೆಳಗೆ!"

ಲಾಂದ್ರವನ್ನು ನನ್ನ ಕೈಗೆ ತುರುಕಿ, ಕೈಚೀಲದಿಂದ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಸೀಸೆ ತೆಗೆದು, ಒಂದು ಗುಂಡುಕಲ್ಲು ಎತ್ತಿಕೊಂಡು, ತಾವೇ ಚಕ್ರ ಹತ್ತಿ ಬೋಲ್ಟಿಗೆ ಎಣ್ಣೆ ಸುರಿದರು. ಕಲ್ಲಿನಿಂದ ಸುತ್ತಲೂ ತಟ್ಟಿದರು. "ಅಪ್ಪ ಹಿಂಗೇ ಮಾಡ್ತಿದ್ರು," ಅಂತ ತಮ್ಮಷ್ಟಕ್ಕೆ ಅಂದುಕೊಂಡು, ಸ್ಪ್ಯಾನರಿಗೆ ಮೈಭಾರ ಬಿಟ್ಟರು. ಕಿರ್ರೆಂದಿತು. ಬಿಟ್ಟಿತು. ಅವರ ರೇಷ್ಮೆ ಸೀರೆಗೆ ಗ್ರೀಸು ಬಳಿದುಕೊಂಡಿತು, ಅವರು ಗಮನಿಸಲೂ ಇಲ್ಲ. "ಮುಂದಿನದ್ದು ಎಲ್ಲಿ?" ಎಂದರು.

ಕೊನೆಯ ಮೂಲೆ ಬಿಟ್ಟ ಮೇಲೆ ಅಕ್ಕಪಕ್ಕದವರೆಲ್ಲ ಸೇರಿ ಸೂರನ್ನು ಎತ್ತಿ ಪಕ್ಕಕ್ಕಿಟ್ಟರು. ಗಾಡಿ ಸೈಲೆನ್ಸರಿನಿಂದ ಉದ್ದಕ್ಕೆ ಉಸಿರು ಬಿಟ್ಟಿತು. ಹಿಂಬಾಗಿಲು ಧಡಾರನೆ ತೆರೆದುಕೊಂಡಿತು. ಬಯಲಿನಲ್ಲಿ ಶಿಳ್ಳೆ ಬಿತ್ತು, ಚಪ್ಪಾಳೆ ಬಿತ್ತು. ಇವರು ಮಾತ್ರ ಸೂರಿನ ಪಕ್ಕ ಕುಳಿತು ಗೀರು ಬಿದ್ದ ಪೇಂಟನ್ನು ಬೆರಳಿನಿಂದ ಉಜ್ಜುತ್ತಿದ್ದರು. ನಾನು ಹೋಗಿ ಅವರ ತಟ್ಟೆಗೆ ಒಂದು ಮುದ್ದೆ ಹೆಚ್ಚಿಗೆ ಹಾಕಿದೆ.

ಅತ್ತೆ ಮೆಟ್ಟಿಲಿಗಿಟ್ಟ ಹಲಗೆಯ ಮೇಲೆ ಕಾಲಿಟ್ಟು ಹತ್ತಿ, ಹಾಸಿಗೆಯ ಮೇಲೆ ಕುಳಿತರು. ಆ ಎತ್ತರಕ್ಕೆ ಇಡೀ ಬಯಲು ಕಾಣುತ್ತಿತ್ತು. ಅವರ ಕಣ್ಣು ಅರಳಿತು. "ಏ ಲಕ್ಕವ್ವ! ಅಲ್ಲೇನೇ ಒಬ್ಬಳೇ ತಿಂತಿದ್ದೀಯ, ಸೊಸೆಗೆ ಕೊಟ್ಟೆಯಾ?" ಎಂದು ಕೂಗಿದರು. ದನಿ ವಾಪಸ್ಸು ಬಂದಿತ್ತು. ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಹತ್ತಿದ್ದೇನೋ ಸರಿ. ಬೆಳಿಗ್ಗೆ ಏಳೋದು ಹೆಂಗೆ ಅಂತ ನೋಡ್ತೀನಿ. ಯಾರಾದ್ರೂ ಕೈ ಹಿಡಿದು ಎಬ್ಬಿಸಿದ್ರೋ, ಬಸ್ಸೇ ಗತಿ. ಮಳೆ ಬಂದ್ರೆ ಏನು ಮಾಡ್ತೀಯಮ್ಮ?"

"ಟಾರ್ಪಾಲು ಹೊದ್ಕೋತೀನಿ."

"ಮಂಜು?"

"ಮಂಜಿಗೆ ನಾನು ಹೆದರ್ತೀನಾ? ಮಂಜು ನನಗೆ ಹೆದರಬೇಕು."

ಅತ್ತಿಗೆಗೆ ಚಾಪೆ ಹಾಸಿಕೊಟ್ಟೆ. ಎಷ್ಟೋ ವರ್ಷದಿಂದ ನೆಲ ಮುಟ್ಟದ ಮೈ. ಆ ಮಗ್ಗುಲಾದರು, ಈ ಮಗ್ಗುಲಾದರು, ಕಲ್ಲು ಒತ್ತುತ್ತದೆ ಎಂದರು, ಇರುವೆ ಎಂದರು. ಕೊನೆಗೆ ದಿಂಬು ಕಂಕುಳಿಗೆ ಸಿಕ್ಕಿಸಿಕೊಂಡು ಗಾಡಿ ಹತ್ತಿದ್ದು ಕಂಡಿತು. "ಆ ಕಡೆ ಸರಿಯಮ್ಮ," ಎಂದದ್ದೂ ಕೇಳಿತು. ನಾನು ಮುಸುಕೆಳೆದುಕೊಂಡೆ, ಆದರೆ ನಿದ್ದೆ ಎಲ್ಲಿಂದ ಬರಬೇಕು? ಬೆಳಿಗ್ಗೆ ಅತ್ತೆ ಏಳದೆ ಹೋದರೆ? ಮಂಡಿ ಮತ್ತೆ ಹಿಡಿದುಕೊಂಡರೆ? ಎಲ್ಲ ದೇವರಿಗೂ ಏನೇನೋ ಹರಕೆ ಹೊತ್ತುಕೊಂಡೆ. ಯಾವ ದೇವರಿಗೆ ಏನು ಅಂತ ಈಗ ನೆನಪಿಲ್ಲ.

ಯಾವಾಗ ಕಣ್ಣು ಹತ್ತಿತೋ ತಿಳಿಯದು. ಯಾರೋ ನನ್ನ ಕಂಬಳಿಯನ್ನು ಸರ್ರನೆ ಎಳೆದರು.

"ಬಿಸಿಲು ನೆತ್ತಿಗೆ ಬಂದ ಮೇಲೆ ಏಳ್ತೀಯೇನೇ? ಒಲೆ ಯಾರು ಹಚ್ಚಬೇಕು, ನಿಮ್ಮಪ್ಪನಾ?"

ಕಣ್ಣುಬಿಟ್ಟರೆ ತಲೆಯ ಹತ್ತಿರ ಅತ್ತೆ ನಿಂತಿದ್ದರು. ನಿಂತಿದ್ದರು! ಒಂದು ಕೈಯಲ್ಲಿ ನನ್ನ ಕಂಬಳಿ, ಇನ್ನೊಂದರಲ್ಲಿ ಹಲ್ಲುಜ್ಜುವ ಬೇವಿನ ಕಡ್ಡಿ. ಯಾರೂ ಎಬ್ಬಿಸಿರಲಿಲ್ಲ. ಎಬ್ಬಿಸಲು ಯಾರೂ ಎದ್ದಿರಲೇ ಇಲ್ಲ. ನನಗೆ ಅವರನ್ನು ಹಾಗೇ ಅಪ್ಪಿಕೊಂಡುಬಿಡಬೇಕು ಅನ್ನಿಸಿತು. ಅಪ್ಪಿಕೊಂಡರೆ ಹುಚ್ಚು ಹಿಡಿಯಿತಾ ಅಂತ ಕೇಳುತ್ತಾರೆ ಅಂತ ಗೊತ್ತಿತ್ತು. ಅದಕ್ಕೇ, "ಬಂದೆ, ಬಂದೆ, ಬೆಳಿಗ್ಗೆ ಬೆಳಿಗ್ಗೆಯೇ ಶುರು ಮಾಡಬೇಡಿ," ಎಂದು ಗೊಣಗಿ ಎದ್ದೆ.

ದೂರದ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಗಾಡಿಯ ಕಡೆ ನೋಡಿದೆ. ಸೂರಿಲ್ಲದ ತೊಟ್ಟಿಯಲ್ಲಿ, ಎಳೆಬಿಸಿಲಿನಲ್ಲಿ, ಗ್ರೀಸು ಮೆತ್ತಿದ ರೇಷ್ಮೆ ಸೀರೆಯ ಅತ್ತಿಗೆ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ಬಸ್ಸು ಹತ್ತಿರ ಬಂತು. ಎಬ್ಬಿಸೋಣ ಅಂತ ನಾನು ಎರಡು ಹೆಜ್ಜೆ ಹಾಕಿದೆ.

ಅತ್ತೆ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ಸುಮ್ನಿರೇ," ಎಂದರು ಮೆಲುದನಿಯಲ್ಲಿ. "ಮಗು ಎಷ್ಟು ವರ್ಷದ ಮೇಲೆ ಹಿಂಗೆ ಮಲಗಿದೆಯೋ. ಹೋಗಲಿ ಬಿಡು ಬಸ್ಸು."